ದಾಗಡಿ ಸೊಪ್ಪಿನ ಸಾಕ್ಷಿ

ನಾನು ಹುಟ್ಟಾ ಅನುಮಾನದವಳು. ಯಾರಾದರೂ ಕಾಫಿ ಕೊಟ್ಟರೆ ಮೊದಲು ಮೂಸುತ್ತೇನೆ. ಔಷಧಿ ಅಂಗಡಿಯವನು ಮಾತ್ರೆ ಕೊಟ್ಟರೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಆಮೇಲೆ ಅವನ ಮುಖವನ್ನೂ ಒಮ್ಮೆ ನೋಡುತ್ತೇನೆ. ಔಷಧ ವಿಜ್ಞಾನ ಓದಿ, ಅದನ್ನೇ ಪಾಠ ಹೇಳಿ, ಗಿಡಮೂಲಿಕೆಗಳ ಸಾರ ತೆಗೆದು ಪರೀಕ್ಷೆ ಮಾಡುವುದರಲ್ಲೇ ನನ್ನ ತಲೆ ನೆರೆತಿದೆ. ಈ ಕೆಲಸಕ್ಕೆ ಅನುಮಾನ ಒಳ್ಳೆಯ ಗುಣ ಎಂದು ಜೊತೆಯವರು ಹೊಗಳುತ್ತಾರೆ. ನನಗೆ ಗೊತ್ತು, ಅದು ಗುಣವಲ್ಲ, ಮನೆತನದ ಕಾಯಿಲೆ. ನಮ್ಮಜ್ಜಿಯಿಂದ ಬಂದದ್ದು.

ನಮ್ಮೂರು ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ದೊಡ್ಡ ರಸ್ತೆಯಿಂದ ಒಳಕ್ಕೆ. ನಾನು ಬೆಂಗಳೂರಿನಲ್ಲಿ ಫಾರ್ಮಸಿ ಓದುತ್ತಿದ್ದ ಕಾಲಕ್ಕೆ ಊರಿಗೆ ಊರೇ ರೇಷ್ಮೆಗೆ ಬಿದ್ದಿತ್ತು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ನಮ್ಮ ಮನೆಯಲ್ಲಿ ನಡುಮನೆ ಹುಳುಗಳಿಗೆ, ಜಗುಲಿ ಮನುಷ್ಯರಿಗೆ. ಹುಳುಗಳಿಗೆ ಸೆಕೆಯಾಗಬಾರದು, ಚಳಿಯಾಗಬಾರದು. ನಮಗೆ ಏನಾದರೂ ಆಗಬಹುದಿತ್ತು.

ಹುಳದ ಮನೆ ಅಂದರೆ ಅನುಮಾನದ ಮನೆ. ಹೊರಗಿನವರು ಬಾಗಿಲಲ್ಲಿ ಇಣುಕಿದರೆ ದೃಷ್ಟಿ ತಾಗೀತೆಂಬ ಭಯ, ಒಳಗಿನವರು ಒಗ್ಗರಣೆ ಹಾಕಿದರೆ ಆ ಘಾಟಿಗೆ ಹುಳು ಸೊಪ್ಪು ಬಿಟ್ಟಾವೆಂಬ ಭಯ. ಹೂ ಮುಡಿದವರು ಒಳಗೆ ಹೋಗುವಂತಿಲ್ಲ, ಮುಟ್ಟಾದವರಂತೂ ಆ ಗೋಡೆಯ ನೆರಳಿಗೂ ಬರುವಂತಿಲ್ಲ. "ಈ ಸಲ ಎಷ್ಟು ಮೊಟ್ಟೆ ಇಟ್ಟಿದ್ದೀರವ್ವ?" ಎಂದು ನೆರೆಯವಳು ಕೇಳಿದರೆ ಅಜ್ಜಿ "ಏನೋ ಒಸಿ ಅವೆ ಬುಡು" ಎಂದು ಸೆರಗು ಕೊಡವಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಹುಳುಗಳಿಗೆ ಹಾಲು ರೋಗ ಬಂದು ತಟ್ಟೆ ತಟ್ಟೆಯೇ ಕರಗಿಹೋದರೂ ರೋಗದ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಯಾರ ಕಣ್ಣು, ಯಾರ ಕೈ, ಯಾರ ಕಾಲ್ಗುಣ, ಮೊದಲ ವಿಚಾರಣೆ ಅದೇ. ಅಪರಾಧಿ ಸಿಕ್ಕಿದ ಮೇಲೆ ರೋಗ ಹರಡದಂತೆ ಸುಣ್ಣ ಎರಚುತ್ತಿದ್ದರು.

ಆ ಬೇಸಿಗೆ ರಜೆಗೆ ಊರಿಗೆ ಬಂದವಳಿಗೆ ಚಿಕ್ಕಪ್ಪನನ್ನು ನೋಡಿ ಗಾಬರಿಯಾಯಿತು. ಚಿಕ್ಕಪ್ಪ ಅಂದರೆ ಅಪ್ಪನ ತಮ್ಮ. ಸೊಪ್ಪಿನ ಹೊರೆ ಹೊತ್ತು ಬಂದರೆ ಬಾಗಿಲು ಸಾಲದು, ಅಂಥ ಆಳು. ಈಗ ಷರ್ಟು ಗೂಟಕ್ಕೆ ನೇತುಹಾಕಿದ ಹಾಗೆ ಅವನ ಮೈಮೇಲೆ ತೂಗುತ್ತಿತ್ತು. ಉಣ್ಣುವುದಕ್ಕೇನೂ ಕಮ್ಮಿಯಿರಲಿಲ್ಲ; ಮುದ್ದೆಯ ಮೇಲೆ ಮುದ್ದೆ ನುಂಗುತ್ತಿದ್ದ, ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದ, ಆದರೂ ದಿನದಿನಕ್ಕೆ ಇಳಿದುಹೋಗುತ್ತಿದ್ದ. "ಉಂಡಿದ್ದೆಲ್ಲ ಎಲ್ಲಿಗೋಯ್ತದೆ?" ಎಂದು ಅವ್ವ ದಿನವೂ ಕೇಳುತ್ತಿದ್ದಳು. ಪ್ರಶ್ನೆ ಸರಿಯಾಗೇ ಇತ್ತು. ಮನೆಯವರು ಉತ್ತರ ಹುಡುಕಿಕೊಂಡು ಹೋದ ದಿಕ್ಕು ಬೇರೆ.

ಆ ದಿಕ್ಕಿನಲ್ಲಿ ನಿಂತಿದ್ದವಳು ಚಿಕ್ಕವ್ವ. ಚಿಕ್ಕಪ್ಪನ ಕೈ ಹಿಡಿದು ಒಂದು ವರ್ಷವಾಗಿತ್ತೋ ಇಲ್ಲವೋ. ಕಬ್ಬಾಳು ಕಡೆಯವಳು, ನನಗಿಂತ ಸ್ವಲ್ಪವೇ ದೊಡ್ಡವಳು. ಮಾತು ಕಮ್ಮಿ, ಕೆಲಸ ಚುರುಕು. ಅವಳ ಮೇಲಿದ್ದ ಒಂದೇ ದೂರು ಅಂದರೆ ಗಂಡ ಅವಳನ್ನು ಕಂಡರೆ ಪ್ರಾಣ ಬಿಡುತ್ತಿದ್ದ. ಅವಳಿಗೋಸ್ಕರ ಬಾವಿಯಿಂದ ನೀರು ಸೇದಿಕೊಡುತ್ತಿದ್ದ. ಹಬ್ಬಕ್ಕೆ ತವರಿಗೆ ಕಳಿಸಿದರೆ ಮಾರನೆಯ ದಿನವೇ ಕರೆತರಲು ಹೊರಡುತ್ತಿದ್ದ. ನಮ್ಮ ಮನೆಯಲ್ಲಿ ಗಂಡಸರು ಹೆಂಡತಿಗೆ ನೀರು ಸೇದಿಕೊಟ್ಟ ಚರಿತ್ರೆಯೇ ಇರಲಿಲ್ಲ.

"ಇದು ಬರೀ ಪ್ರೀತಿಯಲ್ಲ ಕಣವ್ವ, ಮದ್ದು," ಎಂದಳು ಅಜ್ಜಿ.

ಮದ್ದು ಹಾಕುವುದು ಅಂದರೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಗಂಡನನ್ನು ಒಲಿಸಿಕೊಳ್ಳಲೋ, ಆಗದವರನ್ನು ತೀರಿಸಲೋ, ಏನೋ ಒಂದನ್ನು ಅನ್ನದಲ್ಲೋ ಸಾರಲ್ಲೋ ಬೆರೆಸಿ ಕೊಡುತ್ತಾರಂತೆ. ಅದು ಹೊಟ್ಟೆಗೆ ಅಂಟಿಕೊಂಡು ಕೂತು ಮನುಷ್ಯನನ್ನು ಒಳಗಿಂದ ಹೀರುತ್ತದಂತೆ. ಹಾಕುವುದನ್ನು ಯಾರೂ ಕಂಡಿಲ್ಲ. ಹಾಕಿದ್ದಾರೆ ಎಂದು ಎಲ್ಲರೂ ಬಲ್ಲರು.

ಅಜ್ಜಿಯ ಅನುಮಾನಕ್ಕೆ ಇರುವೆಗಳೂ ಜೊತೆಯಾದವು. ಹುಳದ ಮನೆಗೆ ಇರುವೆ ದೊಡ್ಡ ಶತ್ರು. ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟಿರುತ್ತಾರೆ, ಹತ್ತದಿರಲಿ ಅಂತ. ಆ ವರ್ಷ ನಡುಮನೆಯ ಹಿಂದಿನ ಗೋಡೆಯಲ್ಲಿ ಇರುವೆ ಸಾಲು ಎದ್ದಿತ್ತು. ಎಷ್ಟು ಬೂದಿ ಚೆಲ್ಲಿದರೂ ಮತ್ತೆ ಬರುತ್ತಿತ್ತು. "ಬೆಲ್ಲದ ನೀರು ಚೆಲ್ಲವ್ಳೆ. ಗಂಡನ್ನ ತಿಂದಾಯ್ತು, ಈಗ ಹುಳುನೂ ತಿನ್ಸಾಕೆ ನೋಡ್ತಾವ್ಳೆ," ಎಂದು ಅಜ್ಜಿ ಜಗುಲಿಯಲ್ಲಿ ಕೂತು ಗೊಣಗುತ್ತಿದ್ದಳು. ಚಿಕ್ಕವ್ವ ಕಬ್ಬಾಳಮ್ಮನ ಮೇಲೆ ಆಣೆ ಮಾಡಿದಳು. ಅದೂ ತಿರುಗುಬಾಣವಾಯಿತು. "ಅಮ್ಮ ಅವಳ ತವರಿನ ದೇವ್ರು. ಮಗಳ ಕಡೆಗೇ ವಾಲ್ತಾಳೆ," ಎಂದಳು ಅಜ್ಜಿ.

ಚಿಕ್ಕವ್ವನನ್ನು ಒಲೆಯಿಂದ ಬಿಡಿಸಿದರು. ಹುಳದ ಮನೆಗೂ ಸೇರಿಸಲಿಲ್ಲ. ಬೆಳಗಿಂದ ಬೈಗಿನವರೆಗೆ ತೋಟದಲ್ಲಿ ಸೊಪ್ಪು ಕೊಯ್ಯುವುದು ಮಾತ್ರ ಅವಳ ಪಾಲಿಗೆ. ಅವಳು ತಂದ ಸೊಪ್ಪನ್ನು ಅಜ್ಜಿ ಹೊಸ್ತಿಲಲ್ಲೇ ಇಳಿಸಿಕೊಂಡು, ಹಿಡಿ ಹಿಡಿ ಎತ್ತಿ ಮೂಸಿ, ಆಮೇಲೆ ಹುಳಕ್ಕೆ ಹಾಕುತ್ತಿದ್ದಳು. ನನಗೆ ಚಿಕ್ಕವ್ವನನ್ನು ಕಂಡು ಅಯ್ಯೋ ಅನ್ನಿಸುತ್ತಿತ್ತು. ಹಾಗಂತ ನಾನೇನು ಸಾಚಾ? ಅವಳು ಮುಟ್ಟಿದ ಲೋಟವನ್ನು ನಾನೂ ಒಂದೆರಡು ಸಲ ಕಣ್ಣಂಚಿನಲ್ಲೇ ಗಮನಿಸಿದ್ದೆ. ಮನೆಯ ನೀರು ಕುಡಿದ ಮೇಲೆ ಮನೆಯ ಬುದ್ಧಿ ಬಾರದಿರುತ್ತದೆಯೆ?

ಕೊನೆಗೆ ಅಜ್ಜಿ ಮಾಗಡಿ ಕಡೆಯಿಂದ ಮದ್ದು ತೆಗೆಯುವ ಹೆಂಗಸೊಬ್ಬಳನ್ನು ಕರೆಸಿದಳು. ಕಾಸಗಲ ಕುಂಕುಮ, ಬಾಯಿ ತುಂಬ ಎಲೆ ಅಡಿಕೆ. ಹುಳು ಆಗ ನಾಲ್ಕನೇ ಜ್ವರ ಎದ್ದಿದ್ದವು. ಹುಳು ಪೊರೆ ಬಿಡುವಾಗ ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಡುಮನೆಯಲ್ಲಿ ಅವು ಸೊಪ್ಪು ತಿನ್ನುವ ಸದ್ದು ಮಳೆ ಸುರಿದ ಹಾಗೆ ಕೇಳುತ್ತಿತ್ತು. ಆ ಹೆಂಗಸು ಜಗುಲಿಯಲ್ಲಿ ಚಿಕ್ಕಪ್ಪನನ್ನು ಕೂರಿಸಿ, ಅಂಗೈ ಬಟ್ಟಲು ಮಾಡಿಸಿ, ಬಟ್ಟೆಯ ಗಂಟಿನಿಂದ ಹಸಿರು ರಸ ಹಿಂಡಿದಳು.

"ಮದ್ದು ಇದ್ರೆ ಗಟ್ಟಿ ಕಟ್ತದೆ. ಇಲ್ದಿದ್ರೆ ನೀರು ನೀರಾಗೇ ಇರ್ತದೆ. ಸೊಪ್ಪು ಸುಳ್ಳು ಹೇಳಾಕಿಲ್ಲ," ಎಂದಳು.

ಎಲ್ಲರೂ ಅಂಗೈಯನ್ನೇ ನೋಡುತ್ತಾ ಕೂತೆವು. ಚಿಕ್ಕವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ಆ ಹೆಂಗಸು ಎಲೆ ಅಡಿಕೆ ಉಗುಳಿ ಬರುವಷ್ಟರಲ್ಲಿ ರಸದ ಮೇಲೆ ಹೊಳಪು ಸತ್ತಿತು. ಚಿಕ್ಕಪ್ಪ ಕೈ ಅಲ್ಲಾಡಿಸಿದರೆ ಅದು ತುಳುಕಲಿಲ್ಲ. ಹೆಂಗಸು ಬೆರಳಿಂದ ಅಂಚು ಬಿಡಿಸಿ ಅದನ್ನು ಇಡಿಯಾಗಿ ಎತ್ತಿ ಎಲ್ಲರಿಗೂ ತೋರಿಸಿದಳು. ಹಸಿರು ಹಲ್ವದ ಬಿಲ್ಲೆ.

"ಬಲವಾಗೇ ಹಾಕವ್ರೆ," ಎಂದಳು.

ತೀರ್ಪು ಅಲ್ಲೇ ಆಯಿತು. ಬರುವ ಶುಕ್ರವಾರ ಚಿಕ್ಕಪ್ಪನಿಗೆ ವಾಂತಿ ಮಾಡಿಸುವ ಕಷಾಯ ಕುಡಿಸುವುದು. ಚಿಕ್ಕವ್ವ ತವರಿಗೆ, ಮತ್ತೆ ಈ ಹೊಸ್ತಿಲು ತುಳಿಯಬಾರದು. ಆದರೆ ಈಗಲೇ ಅಲ್ಲ. ಹುಳು ಹಣ್ಣಾಗಿ ಗೂಡು ಕಟ್ಟಲು ಹತ್ತಿದ ಮೇಲೆ. ಅಲ್ಲಿಯವರೆಗೆ ಸೊಪ್ಪು ಕೊಯ್ಯಲು ಕೈ ಬೇಕಲ್ಲ! ಅಜ್ಜಿ ಇದನ್ನು ಏನೂ ಸಂಕೋಚವಿಲ್ಲದೆ ಹೇಳಿದಳು, ಅಪ್ಪ ಏನೂ ಸಂಕೋಚವಿಲ್ಲದೆ ತಲೆಯಾಡಿಸಿದ. ನನಗೆ ಬಂದ ಸಿಟ್ಟನ್ನು ಇವತ್ತು ನೆನೆದರೂ ಕಿವಿ ಬಿಸಿಯಾಗುತ್ತದೆ.

ಚಿಕ್ಕವ್ವ ಅಳಲಿಲ್ಲ. ಸ್ವಲ್ಪ ಹೊತ್ತಿಗೆ ಚಿಕ್ಕಪ್ಪ ಎಂದಿನಂತೆ ನೀರು ಕೇಳಿದ. ಅವಳು ತಂಬಿಗೆ ತಂದುಕೊಟ್ಟಳು. ಅವನು ಅದನ್ನು ಕೈಗೆ ತಗೊಂಡ, ಒಳಗೆ ನೋಡಿದ, ಪಕ್ಕಕ್ಕೆ ಇಟ್ಟ. ಆಮೇಲೆ ತಾನೇ ಎದ್ದು ಹೋಗಿ ಹಂಡೆಯಿಂದ ಮೊಗೆದುಕೊಂಡು ಕುಡಿದ. ಆಗ ನೋಡಬೇಕಿತ್ತು ಅವಳ ಮುಖವನ್ನು. ನೀರು ಸೇದಿಕೊಟ್ಟ ಗಂಡ ಅವನು.

ನನಗೆ ಆ ಹಸಿರು ಬಿಲ್ಲೆಯನ್ನು ಎಲ್ಲೋ ನೋಡಿದ್ದೇನೆ ಅನ್ನಿಸುತ್ತಲೇ ಇತ್ತು. ಹೆಂಗಸು ಹಿಂಡಿ ಬಿಸಾಡಿದ್ದ ಗಂಟನ್ನು ಹಿತ್ತಲಲ್ಲಿ ಹುಡುಕಿ ಬಿಚ್ಚಿದೆ. ಮೆತ್ತನೆಯ ರೋಮದ ಎಲೆ. ದಾಗಡಿ! ನಮ್ಮ ಬೇಲಿ ತುಂಬ ಹಬ್ಬಿದ್ದ ಬಳ್ಳಿ, ಕುರಿಗಳು ತಿನ್ನುವ ಸೊಪ್ಪು. ಚಿಕ್ಕವರಿದ್ದಾಗ ಇದನ್ನೇ ನೀರಿನಲ್ಲಿ ಕಿವುಚಿ ತೆಂಗಿನ ಕರಟಕ್ಕೆ ಹುಯ್ದು ಹಲ್ವ ಮಾಡಿ ಆಡಿದ್ದೆವು. ಹಾಗೆ ಆಡಿದವರಲ್ಲಿ ಚಿಕ್ಕಪ್ಪನೂ ಇದ್ದಿರಬೇಕು, ಅಜ್ಜಿಯೂ ಅವಳ ಕಾಲಕ್ಕೆ ಆಡಿರಬೇಕು. ಆದರೆ ಆಟದ ಸೊಪ್ಪನ್ನೂ ಸತ್ಯದ ಸೊಪ್ಪನ್ನೂ ಒಟ್ಟಿಗೆ ಇಟ್ಟು ನೋಡಲು ಯಾರಿಗೂ ತೋಚಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹಿತ್ತಲ ಗಿಡ ಬೇರೆಯವರ ಗಂಟಿನಲ್ಲಿ ಕಟ್ಟಿಕೊಂಡು ಬಂದರೆ ದೇವರೇ ಆಗಿಬಿಡುತ್ತದೆ.

ಬೇಲಿಯಿಂದ ಒಂದಿಷ್ಟು ಕಿತ್ತು, ಕಿವುಚಿ, ನನ್ನ ಅಂಗೈಗೆ ಹಿಂಡಿಕೊಂಡೆ. ಗಟ್ಟಿಯಾಯಿತು. ಆಗುತ್ತದೆ ಎಂದು ಗೊತ್ತಿದ್ದೂ ಒಂದು ಗಳಿಗೆ ಅನುಮಾನ ಬಂತು. ಬೆಳಿಗ್ಗೆ ಚಿಕ್ಕವ್ವ ತೋಟಕ್ಕೆ ಹೋಗುವ ಮುಂಚೆ ಕಾಫಿ ಲೋಟ ತೊಳೆದಿಟ್ಟಿದ್ದಳಲ್ಲ? ಥೂ ನಿನ್ನ, ಎಂದು ನನಗೆ ನಾನೇ ಬೈದುಕೊಂಡು, ಉಳಿದ ರಸವನ್ನು ಹಿತ್ತಲಿನ ಅರೆಯುವ ಕಲ್ಲಿನ ಗುಳಿಗೆ ಹುಯ್ದೆ. ಅಲ್ಲೂ ಗಟ್ಟಿಯಾಯಿತು. ಕಲ್ಲಿಗೆ ಹೊಟ್ಟೆಯಿಲ್ಲ, ಗಂಡನಿಲ್ಲ, ಸೊಸೆಯಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಅಷ್ಟು ಖುಷಿಯಾಯಿತು. ಚಿಕ್ಕವ್ವ ಬಚಾವಾದಳು ಅಂದುಕೊಂಡೆ.

ಮನೆಯವರನ್ನೆಲ್ಲ ಜಗುಲಿಗೆ ಕೂಗಿದೆ. ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಬಾಯಿಗೆ ತಂದುಕೊಂಡು, ಈ ಎಲೆಯಲ್ಲೇ ಅಂಟು ಇದೆ, ನೀರು ಸೇರಿದರೆ ತಾನಾಗಿ ಗಟ್ಟಿಯಾಗುತ್ತದೆ, ಮದ್ದಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಭಾಷಣ ಮಾಡಿದೆ. "ಮಾತು ಬೇಡ, ಕೈ ತೋರ್ಸಿ," ಎಂದು ಒಬ್ಬೊಬ್ಬರ ಅಂಗೈಗೂ ರಸ ಹಿಂಡಿದೆ. ಅಪ್ಪನಿಗೆ, ಅವ್ವನಿಗೆ, ಅಜ್ಜಿಗೆ. ಎಲ್ಲರ ಅಂಗೈಯಲ್ಲೂ ಹಸಿರು ಬಿಲ್ಲೆ ಕಟ್ಟಿತು. ನಾನು ಗೆದ್ದ ಮುಖ ಮಾಡಿಕೊಂಡು ಅಜ್ಜಿಯನ್ನು ನೋಡಿದೆ.

ಅಜ್ಜಿ ತನ್ನ ಅಂಗೈಯನ್ನು ನೋಡಿಕೊಂಡು ಎದೆ ಬಡಿದುಕೊಂಡಳು.

"ಅಯ್ಯಯ್ಯೋ! ನಮಗೆಲ್ಲಾರ್ಗೂ ಹಾಕ್ಬುಟ್ಟವ್ಳಲ್ಲಪ್ಪೋ!"

ನನಗೆ ಏನಾಯಿತೆಂದು ತಿಳಿಯಲೇ ಸ್ವಲ್ಪ ಹೊತ್ತು ಬೇಕಾಯಿತು. ಅವ್ವ ಆಗಲೇ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು. ಅಪ್ಪ, ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಯಾರಿಗೂ ಬಗ್ಗದ ಅಪ್ಪ, "ಅದ್ಕೇ ಮೊನ್ನೆಯಿಂದ ನಂಗೂ ಊಟ ಸೇರ್ತಾ ಇಲ್ಲ," ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ನೋಡಿದ್ದೆ. ಇಲ್ಲಿ ಕದ್ದವರು ಯಾರೂ ಇಲ್ಲ, ಕುಂಬಳಕಾಯಿಯೂ ಇಲ್ಲ, ಎಲ್ಲರೂ ಹೆಗಲು ಮುಟ್ಟಿಕೊಳ್ಳುತ್ತಿದ್ದರು.

"ಅಜ್ಜೀ, ಕಲ್ಲಿನ ಮೇಲೂ ಗಟ್ಟಿಯಾಗೈತೆ, ಬಂದು ನೋಡು! ಕಲ್ಲಿಗೆ ಯಾರು ಮದ್ದು ಹಾಕ್ತಾರೆ?" ಎಂದು ಕೂಗಿದೆ.

ಅಜ್ಜಿ ಬಂದು ನೋಡಿದಳು. ಅರೆಯುವ ಕಲ್ಲಿನ ಗುಳಿಯಲ್ಲಿದ್ದ ಬಿಲ್ಲೆಯನ್ನು ಬೆರಳಲ್ಲಿ ಒತ್ತಿದಳು. ಆಮೇಲೆ ಮೆಲ್ಲಗೆ, ಬಹಳ ಖಚಿತವಾಗಿ ಹೇಳಿದಳು:

"ಇದೇ ಕಲ್ಲಲ್ಲಿ ಅಲ್ವ ಅವ್ಳು ಅರ್ದಿರೋದು."

ನಾನು ಸೋತೆ. ಇವತ್ತಿನವರೆಗೆ ಎಷ್ಟೋ ದೊಡ್ಡ ಸಭೆಗಳಲ್ಲಿ ಎಷ್ಟೋ ವಿದ್ವಾಂಸರ ಎದುರು ಸೋತಿದ್ದೇನೆ, ಅಷ್ಟು ಪೂರ್ತಿಯಾಗಿ ಯಾರೂ ನನ್ನನ್ನು ಸೋಲಿಸಿಲ್ಲ. ಶುಕ್ರವಾರ ಇಡೀ ಮನೆಗೇ ಕಷಾಯ ಕುಡಿಸುವುದೆಂದು ಮಾತಾಯಿತು.

ಆ ಗಲಾಟೆಯಲ್ಲಿ ಚಿಕ್ಕವ್ವ ಬಾಗಿಲ ಮರೆಯಿಂದ ಈಚೆ ಬಂದಳು. ಯಾರೂ ಅವಳತ್ತ ನೋಡುತ್ತಿರಲಿಲ್ಲ. ನನ್ನ ಮುಂದೆ ನಿಂತು ಬಲಗೈ ಒಡ್ಡಿದಳು. ಸೊಪ್ಪು ಕೊಯ್ದು ಕೊಯ್ದು ಕಪ್ಪಾದ ಅಂಗೈ. ನಾನು ಉಳಿದ ರಸ ಹಿಂಡಿದೆ. ಅವಳ ಕೈಯಲ್ಲೂ ಗಟ್ಟಿಯಾಯಿತು. ಅವಳು ಅದನ್ನು ಬಹಳ ಹೊತ್ತು ನೋಡಿದಳು, ಅಜ್ಜಿಯ ಕಡೆ ಒಮ್ಮೆ ನೋಡಿದಳು, ಬಿಲ್ಲೆಯನ್ನು ಬೇಲಿಯಾಚೆ ಎಸೆದು ತೋಟಕ್ಕೆ ಹೋದಳು.

ಮಾರನೆಯ ಬೆಳಿಗ್ಗೆ ನಾನು ಸಿಟ್ಟಿನಲ್ಲಿ ಯಾರ ಜೊತೆಗೂ ಮಾತಾಡದೆ ಹಿತ್ತಲಲ್ಲಿ ಕೂತಿದ್ದೆ. ಎದುರಿಗೆ ಇರುವೆ ಸಾಲು. ಮಾಡಲು ಬೇರೆ ಕೆಲಸವಿಲ್ಲದೆ ಅದನ್ನೇ ನೋಡಿದೆ. ನೋಡುತ್ತಾ ನೋಡುತ್ತಾ ಒಂದು ಸಂಗತಿ ಗಮನಕ್ಕೆ ಬಂತು. ನಾವೆಲ್ಲ ಅವು ಹುಳದ ಮನೆಗೆ ಹೋಗುತ್ತಿವೆ ಅಂದುಕೊಂಡಿದ್ದೆವು. ಅವು ಹುಳದ ಮನೆಯ ಗೋಡೆಯ ಬುಡದಲ್ಲಿದ್ದ ಗೂಡಿನಿಂದ ಹೊರಟು, ಹುಳದ ಕಡೆ ತಿರುಗಿಯೂ ನೋಡದೆ, ಹಿತ್ತಲ ಮೂಲೆಯ ಎಕ್ಕದ ಗಿಡದತ್ತ ಹೋಗುತ್ತಿದ್ದವು. ಅಲ್ಲಿ ಮಣ್ಣು ಒದ್ದೆಯಾಗಿತ್ತು, ಇರುವೆ ಮುತ್ತಿತ್ತು. ಬೆಲ್ಲದ ನೀರು? ಅಜ್ಜಿ ಹೇಳಿದ್ದು ನಿಜವೇ ಇರಬಹುದೇ? ಅಷ್ಟರಲ್ಲಿ ಚಿಕ್ಕಪ್ಪ ಪಂಚೆ ಎತ್ತಿಕೊಂಡು ಎಕ್ಕದ ಗಿಡದ ಕಡೆ ಬಂದ. ನಾನು ಮುಖ ತಿರುಗಿಸಿಕೊಂಡೆ. ತಿರುಗಿಸಿಕೊಂಡವಳು ಹಾಗೇ ಕಲ್ಲಾಗಿ ಕೂತೆ.

ಮುದ್ದೆಯ ಮೇಲೆ ಮುದ್ದೆ. ತಂಬಿಗೆಗಟ್ಟಲೆ ನೀರು. ಮೂತ್ರಕ್ಕೆ ಮುತ್ತುವ ಇರುವೆ. ಪುಸ್ತಕದಲ್ಲಿ ಓದಿ ಅಂಕ ತಗೊಂಡಿದ್ದ ರೋಗ. ಆ ಕಾಲಕ್ಕೆ ಸಕ್ಕರೆ ಕಾಯಿಲೆ ಅಂದರೆ ಪೇಟೆಯಲ್ಲಿ ಕೂತು ಉಣ್ಣುವ ಹೊಟ್ಟೆಯವರದು ಎಂಬ ಮಾತಿತ್ತು. ಸೊಪ್ಪಿನ ಹೊರೆ ಹೊರುವವನಿಗೆ ಬರುತ್ತದೆ ಎಂದು ಯಾರಿಗೆ ಹೊಳೆಯಬೇಕು?

ಚನ್ನಪಟ್ಟಣಕ್ಕೆ ಹೋಗಿ ಮೂತ್ರದಲ್ಲಿ ಸಕ್ಕರೆ ನೋಡುವ ನೀಲಿ ದ್ರಾವಣದ ಬಾಟಲಿ, ಒಂದೆರಡು ಗಾಜಿನ ನಳಿಕೆ ತಂದೆ. ಚಿಕ್ಕಪ್ಪನ ಹತ್ತಿರ ನಾನು ಕೇಳುವುದು ಹೇಗೆ? ಚಿಕ್ಕವ್ವನೇ ಕೇಳಿ ಒಂದು ಬಾಟಲಿಯಲ್ಲಿ ತಂದುಕೊಟ್ಟಳು. ಸೀಮೆಎಣ್ಣೆ ಸ್ಟೌ ಮೇಲೆ ನೀಲಿ ದ್ರಾವಣ ಕುದಿಸಿ ಕೆಲವು ಹನಿ ಬಿಟ್ಟೆ. ನೀಲಿ ಹೋಗಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಕೆಂಪು ತಳದಲ್ಲಿ ಕೂತಿತು. ಅಜ್ಜಿ ಬೆನ್ನ ಹಿಂದೆ ನಿಂತು ಎಲ್ಲ ನೋಡುತ್ತಿದ್ದಳು.

"ಇದು ಸಕ್ಕರೆ ಕಾಯ್ಲೆ ಅಜ್ಜಿ. ಮದ್ದಲ್ಲ," ಎಂದೆ.

"ಓಹೋ. ನಿನ್ನ ನೀಲಿ ನೀರು ಕೆಂಪಾದ್ರೆ ನಿಜ. ನಮ್ಮ ಸೊಪ್ಪು ಗಟ್ಟಿಯಾದ್ರೆ ಸುಳ್ಳಾ? ಎಂಗೆ?"

ಆ ಪ್ರಶ್ನೆಗೆ ನಾನು ಇಂದಿಗೂ ಋಣಿ. ನನ್ನ ಮೇಷ್ಟರುಗಳು ಯಾರೂ ಅದನ್ನು ಅಷ್ಟು ನೇರವಾಗಿ ಕೇಳಿರಲಿಲ್ಲ. ಯಾಕೆ ನನ್ನದು ನಿಜ? ಪುಸ್ತಕದಲ್ಲಿದೆ ಎಂದೇ? ಬಾಟಲಿಯಲ್ಲಿ ಬಂದಿದೆ ಎಂದೇ? ಇನ್ನೊಂದು ನಳಿಕೆ ಎತ್ತಿಕೊಂಡು, "ನಿಂದೂ ಕೊಡು," ಎಂದೆ. ಅಜ್ಜಿ ಮೊದಲು ಬೈದಳು, ಆಮೇಲೆ ಮರೆಗೆ ಹೋಗಿ ಬಂದಳು. ಅಜ್ಜಿಯದು ಕುದಿಸಿದರೂ ನೀಲಿ ನೀಲಿಯಾಗೇ ಉಳಿಯಿತು. ಅವ್ವನದು ನೀಲಿ. ನನ್ನದು ನೀಲಿ. ಚಿಕ್ಕವ್ವನದು ನೀಲಿ. ಅಜ್ಜಿಯ ಸಮಾಧಾನಕ್ಕೆ ಅರೆಯುವ ಕಲ್ಲು ತೊಳೆದ ನೀರನ್ನೂ ಹಾಕಿದೆ, ಅದೂ ನೀಲಿ.

"ನಿಮ್ಮ ಸೊಪ್ಪು ಎಲ್ಲಾರ್ಗೂ ಹೌದು ಅಂತು. ಕಲ್ಲಿಗೂ ಹೌದು ಅಂತು. ಇದು ಒಬ್ಬರಿಗೇ ಹೌದು ಅಂತೈತೆ. ಊರಲ್ಲಿ ಎಲ್ಲಾರ್ನೂ ಕಳ್ಳ ಅನ್ನೋನ ಸಾಕ್ಷಿ ನೀನು ನಂಬ್ತೀಯಾ?" ಎಂದು ಅಜ್ಜಿಯನ್ನು ಕೇಳಿದೆ.

ಅಜ್ಜಿ ನಳಿಕೆ ಎತ್ತಿ ಬೆಳಕಿಗೆ ಹಿಡಿದು ಆ ಕೆಂಪನ್ನು ನೋಡುತ್ತಾ ಬಹಳ ಹೊತ್ತು ನಿಂತಳು. ಅವಳು ನಂಬಿದ್ದು ನನ್ನ ಮಾತನ್ನಲ್ಲ. ತನ್ನದು ನೀಲಿಯಾಗಿ ಉಳಿದದ್ದು ಅವಳಿಗೆ ಹಿಡಿಸಿತ್ತು. ಶುಕ್ರವಾರದ ಕಷಾಯ ನಿಂತಿತು. ಅಪ್ಪ ಚಿಕ್ಕಪ್ಪನನ್ನು ರಾಮನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರೂ ಅದನ್ನೇ ಹೇಳಿ ಔಷಧ ಶುರುಮಾಡಿದರು. ಬೆಲ್ಲ, ಬಾಳೆಹಣ್ಣು ನಿಂತವು. ಎಕ್ಕದ ಗಿಡದ ಕಡೆಯ ಇರುವೆಗಳು ಮೆಲ್ಲಗೆ ಬೇರೆ ದಾರಿ ಹಿಡಿದವು. ತವರಿಗೆ ಕಳಿಸುವ ಮಾತನ್ನು ಯಾರೂ ವಾಪಸು ತಗೊಳ್ಳಲಿಲ್ಲ, ಯಾರೂ ಮತ್ತೆ ಎತ್ತಲೂ ಇಲ್ಲ. ಚಿಕ್ಕಪ್ಪ ಹೆಂಡತಿಯ ಕೈಯಿಂದ ನೀರು ತಗೊಂಡು ಎಲ್ಲರೆದುರು ಗಟಗಟ ಕುಡಿದ. ಅವಳು ಖಾಲಿ ತಂಬಿಗೆ ಈಸಿಕೊಂಡು ಒಳಗೆ ಹೋದಳು. ಅವನ ಮುಖ ನೋಡಲಿಲ್ಲ.

ಈಗ ನನ್ನ ಹತ್ತಿರ ಓದುವ ಹುಡುಗ ಹುಡುಗಿಯರು ದಾಗಡಿ ಸೊಪ್ಪಿನ ಅಂಟನ್ನೇ ತಂದು ಮುಂದಿಡುತ್ತಾರೆ. ಮುಲಾಮಿಗೆ ಇದನ್ನು ತಳವಾಗಿ ಬಳಸಬಹುದೇ, ಮಾತ್ರೆಯ ಪುಡಿಯನ್ನು ಹಿಡಿದಿಡಲು ಬಳಸಬಹುದೇ ಎಂದು ಪರೀಕ್ಷೆಗಳು ನಡೆಯುತ್ತಿವೆ. ನಾವು ಹುಳಕ್ಕೆ ಹಾಕುತ್ತಿದ್ದ ಹಿಪ್ಪುನೇರಳೆ ಸೊಪ್ಪು ರಕ್ತದ ಸಕ್ಕರೆಯನ್ನು ತಗ್ಗಿಸುತ್ತದೆಯೇ ಎಂದು ಇನ್ನೊಂದು ಗುಂಪು ಹುಡುಕುತ್ತಿದೆ. ಅಂಗಡಿಗಳಲ್ಲಂತೂ ಹುಡುಕುವುದು ಮುಗಿಯುವ ಮೊದಲೇ ಅದರ ಪುಡಿ ಚಂದದ ಡಬ್ಬಿಯಲ್ಲಿ ಕೂತಿದೆ, ಡಬ್ಬಿಯ ಮೇಲೆ ನಗುವ ಮುದುಕನ ಚಿತ್ರ. ಚಿಕ್ಕಪ್ಪ ಆ ಸೊಪ್ಪಿನ ಹೊರೆಯ ಕೆಳಗೇ ಆಯಸ್ಸು ಕಳೆದ. ಅದರಲ್ಲಿ ಗುಣ ಇಲ್ಲವೆಂದು ನಾನು ಹೇಳಲಾರೆ, ಇದೆಯೆಂದು ಡಬ್ಬಿಯ ಮುದುಕನ ಮಾತು ಕೇಳಿ ನಂಬಲಾರೆ. ಯಾರಾದರೂ ಕಣ್ಣರಳಿಸಿಕೊಂಡು ಬಂದು "ಮೇಡಂ, ರಿಸಲ್ಟ್ ಬಂತು" ಎಂದರೆ ನಾನು ಕೇಳುವುದು ಒಂದೇ: "ಕಲ್ಲಿಗೂ ಹಾಕಿ ನೋಡಿದ್ರಾ?" ಹೊಸಬರಿಗೆ ಅರ್ಥವಾಗುವುದಿಲ್ಲ. ಹಳಬರು ಅವರನ್ನು ಪಕ್ಕಕ್ಕೆ ಕರೆದು, ಮದ್ದಿಲ್ಲದ ಮಾತ್ರೆ ಕೊಟ್ಟ ಗುಂಪು ಎಲ್ಲಿ ಎಂದು ಕೇಳುತ್ತಿದ್ದಾರೆ ಎಂದು ಬಿಡಿಸಿ ಹೇಳುತ್ತಾರೆ.

ಇಲ್ಲಿಗೆ ನಿಲ್ಲಿಸಿದರೆ ವಿದ್ಯೆ ಗೆದ್ದಿತು ಎಂದು ಹೇಳಿಕೊಂಡು ತಿರುಗಬಹುದು. ಆದರೆ ಅವತ್ತು ಗೆದ್ದವರು ಯಾರು ಎಂಬ ಬಗ್ಗೆಯೇ ನನಗೆ ಅನುಮಾನ.

ಡಾಕ್ಟರ ಹತ್ತಿರ ಹೋಗಿ ಬಂದ ಎರಡು ಮೂರು ದಿನಕ್ಕೆ ಹುಳು ಹಣ್ಣಾದವು. ಹಣ್ಣಾದ ಹುಳು ಮೇವು ಬಿಟ್ಟು, ಹಳದಿಯಾಗಿ, ಬೆಳಕಿಗೆ ಹಿಡಿದರೆ ಮೈ ಪಾರಾಗಿ ಕಾಣುತ್ತವೆ. ಆಗ ಅವುಗಳನ್ನು ಆರಿಸಿ ಆರಿಸಿ ಬಿದಿರಿನ ತಟ್ಟಿಗಳ, ಅಂದರೆ ಚಂದ್ರಿಕೆಗಳ ಮೇಲೆ ಬಿಡಬೇಕು, ಗೂಡು ಕಟ್ಟಿಕೊಳ್ಳಲು. ಒಂದು ಹೊತ್ತು ತಡವಾದರೆ ರೇಷ್ಮೆಯೆಲ್ಲ ತಟ್ಟೆಯ ಪಾಲು. ಎಷ್ಟು ಕೈಯಿದ್ದರೂ ಸಾಲದು. ಅಜ್ಜಿ ಬಾಗಿಲಿಗೆ ಬಂದು ತೋಟದ ಕಡೆ ಮುಖ ಮಾಡಿ ಕೂಗಿದಳು:

"ಏ ಕೂಸೇ, ಬಾರವ್ವ ಒಳೀಕೆ. ಹುಳ ಹಣ್ಣಾಗವೆ."

ಚಿಕ್ಕವ್ವ ಕಾಲು ತೊಳೆದು ಹುಳದ ಮನೆಗೆ ಬಂದಳು. ಅಜ್ಜಿಯ ಪಕ್ಕದಲ್ಲೇ ಕೂತು ಹುಳು ಆರಿಸಿದಳು. ಅವಳ ಬೆರಳು ಓಡುವುದನ್ನು ನೋಡಿ ಅಜ್ಜಿಗೆ ಮೆಚ್ಚುಗೆಯಾದದ್ದು ನನಗೂ ಕಾಣಿಸಿತು. ಸಂಜೆಯ ಹೊತ್ತಿಗೆ ಚಂದ್ರಿಕೆಗಳೆಲ್ಲ ತುಂಬಿ ಹೊರಗಿನ ಚಪ್ಪರದಲ್ಲಿ ಸಾಲಾಗಿ ನಿಂತವು. ಎಲ್ಲರೂ ಸೋತು ಕೂತಿದ್ದೆವು. ಅಜ್ಜಿ ಎಂದೂ ಯಾರಿಗೂ ಬಡಿಸಿದವಳಲ್ಲ. ಅವತ್ತು ತಾನೇ ಎದ್ದು, ತಟ್ಟೆಗೆ ಬಿಸಿ ಮುದ್ದೆ ಹಾಕಿ, ಮೇಲೆ ಅವರೆಕಾಳಿನ ಸಾರು ಬಿಟ್ಟು, ಚಿಕ್ಕವ್ವನ ಮುಂದೆ ಇಟ್ಟಳು.

"ಉಣ್ಣವ್ವ. ಬೆಳಗಿಂದ ಏನೂ ತಿಂದಿಲ್ಲ."

ಅದು ಕ್ಷಮೆ ಕೇಳುವ ಬಗೆ. ನಮ್ಮಜ್ಜಿಗೆ ಅದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ, ಅಷ್ಟು ಬಂದದ್ದೇ ಹೆಚ್ಚು. ಚಿಕ್ಕಪ್ಪನ ಮುಖ ಅರಳಿತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಚಿಕ್ಕವ್ವ ತಟ್ಟೆ ಮುಟ್ಟಲಿಲ್ಲ. ಬಲಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಅಂಗೈ ನೋಡುತ್ತಾ ಕೂತಿದ್ದಳು. ಆಮೇಲೆ ತಲೆಯೆತ್ತಿ, ಯಾವ ಸಿಟ್ಟೂ ಇಲ್ಲದೆ, ಮೆಲ್ಲಗೆ ಕೇಳಿದಳು:

"ನನ್ನ ಕೈಯಾಗೂ ಗಟ್ಟಿ ಕಟ್ಟಿತ್ತು ಅತ್ತೆ. ನಂಗೆ ಯಾರು ಹಾಕಿದ್ರು ಅಂತ ನೀವ್ಯಾರೂ ಕೇಳ್ನೇ ಇಲ್ಲ."

ನಾನು ಬಾಯಿ ತೆರೆದೆ. ಆ ಸೊಪ್ಪು ಸುಳ್ಳು, ಕಲ್ಲಿಗೂ ಗಟ್ಟಿಯಾಗುತ್ತದೆ, ನೀನೂ ನೋಡಿದ್ದೀಯಲ್ಲ ಎನ್ನಬೇಕೆಂದಿದ್ದೆ. ಅವಳು ನನ್ನ ಕಡೆ ನೋಡಿದಳು. ಅವಳಿಗೆ ಅದೆಲ್ಲ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಅಜ್ಜಿ ಸೌಟನ್ನು ಕೆಳಗಿಟ್ಟಳು. ಮೊಣಕಾಲು ಹಿಡಿದುಕೊಂಡು ಚಿಕ್ಕವ್ವನ ಎದುರಿಗೆ ಕೂತು, ಅದೇ ಮುದ್ದೆಯಿಂದ ಒಂದು ತುತ್ತು ಮುರಿದು, ಸಾರಲ್ಲಿ ಅದ್ದಿ ನುಂಗಿದಳು. ಅದು ಗಂಟಲಲ್ಲಿ ಇಳಿಯುವವರೆಗೂ ಚಿಕ್ಕವ್ವ ನೋಡಿದಳು. ಆಮೇಲೆ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಉಂಡಳು.

ಅಜ್ಜಿ ತೀರಿಹೋಗುವವರೆಗೂ ಆ ಮನೆಯಲ್ಲಿ ಅದೇ ಕ್ರಮ ನಡೆಯಿತು. ಅಡುಗೆ ಯಾರದೇ ಇರಲಿ, ಚಿಕ್ಕವ್ವ ತನ್ನ ತಟ್ಟೆಯನ್ನು ಮೊದಲು ಅತ್ತೆಯ ಮುಂದೆ ಹಿಡಿಯುತ್ತಿದ್ದಳು. ಅಜ್ಜಿ ಮಾತಿಲ್ಲದೆ ಒಂದು ತುತ್ತು ತಗೊಳ್ಳುತ್ತಿದ್ದಳು. ಅದು ಇಳಿದ ಮೇಲೆ ಚಿಕ್ಕವ್ವ ಉಣ್ಣುತ್ತಿದ್ದಳು. ಮನೆಗೆ ಬಂದ ನೆಂಟರು ಅದನ್ನು ನೋಡಿ, ಅತ್ತೆಗೆ ಕೊಡದೆ ಒಂದು ತುತ್ತೂ ಬಾಯಿಗಿಡದ ಇಂಥ ಸೊಸೆ ಯಾರಿಗುಂಟು ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದರು.